ರೂಪಾಯಿಯ ಮುಖಕ್ಕೆ ಪೆನ್ಸಿಲ್

ಒಂದೇ ಒಂದು ರೂಪಾಯಿಗೆ ಮುನ್ನೂರು ರೂಪಾಯಿ ಬರುವ ವ್ಯಾಪಾರವದು. ನನ್ನಲ್ಲಿ ನಿಜಾಮರ ಕಾಲದ ಬೆಳ್ಳಿ ನಾಣ್ಯವೊಂದಿತ್ತು. ಮಾನ್ವಿಯಿಂದ ಹೋಗಿ ಹೈದರಾಬಾದಿನಲ್ಲಿ ನೆಲೆಸಿದ್ದ ಮಾಸ್ತರರೊಬ್ಬರಿಗೆ ಹಳೆ ನಾಣ್ಯದ ಹುಚ್ಚು. "ಫೋಟೊ ಕಳಿಸಿರಿ, ಸವೆದಿರದಿದ್ದರೆ ಮುನ್ನೂರು" ಎಂದು ಬರೆದರು. ರಾಯಚೂರಿನ ಖಾಜಾಸಾಬರ ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದೆ. ಫೋಟೊ ನೋಡಿ ನನ್ನ ನಾಣ್ಯ ಇಷ್ಟು ಚೆಲುವೇ ಎಂದು ನನಗೂ ಅನಿಸಿತ್ತು, ಆದರೂ ಲಕೋಟೆ ಅಂಟಿಸಿದ್ದೆ. "ಮೊದಲ ದರ್ಜೆ" ಎಂದು ಉತ್ತರ ಬಂತು, ಹಿಂದೆಯೇ ಮಾಸ್ತರರೂ ಬಂದರು.

ಭೂತಗನ್ನಡಿಯಲ್ಲಿ ನಾಣ್ಯ ನೋಡಿ, ಗಿರಾಕಿಗಳು ತುಂಬಿದ್ದ ನನ್ನ ಅಂಗಡಿಯಲ್ಲೇ ಅಂದರು: "ಸಾವ್ಕಾರ್ರ, ನಾಣ್ಯ ಬದಲಿ ಮಾಡೀರಿ. ಇದರ ಮೈತುಂಬ ಗೀರು ಅದಾವ."

ಮಾನ ಹೋಗುವ ಮೊದಲು ಅವರನ್ನು ಸ್ಟುಡಿಯೋಗೆ ಕರೆದೊಯ್ದೆ. ಖಾಜಾಸಾಬರು ಹೆಮ್ಮೆಯಿಂದ ನೆಗೆಟಿವ್ ತೋರಿಸಿದರು.

"ಗೀರೆಲ್ಲ ಪೆನ್ಸಿಲ್‌ನಿಂದ ನಾನೇ ಮುಚ್ಚೀನ್ರಿ. ಹೆಣ್ಣಿನ ಫೋಟೊದಾಗ ಸಿಡುಬಿನ ಕಲಿ ಬಿಡ್ತೀವೇನು?"

"ಇದು ರೂಪಾಯಿ ರೀ, ಕನ್ಯಾ ಅಲ್ಲ!"

"ನೋಡಾಕ ಮಂದಿ ಎರಡಕ್ಕೂ ಬರ್ತಾರಲ್ರೀ ಮಾಸ್ತರ್ರ."

ವ್ಯಾಪಾರ ನಲವತ್ತಕ್ಕೆ ಮುಗಿಯಿತು. ಮರುವಾರವೇ, ಮುಖದ ತುಂಬ ಮೊಡವೆ ಇದ್ದ ನನ್ನ ಮಗನನ್ನು ಖಾಜಾಸಾಬರ ಮುಂದೆ ಕೂರಿಸಿದೆ. ದೇವದುರ್ಗದ ಹೆಣ್ಣಿನ ಕಡೆಯವರು ಫೋಟೊ ನೋಡಿಯೇ ಮಾತು ಕೊಟ್ಟರು; ಅವರ ಹತ್ತಿರ ಭೂತಗನ್ನಡಿ ಇರಲಿಲ್ಲ. ಆ ನಾಣ್ಯದಿಂದ ಒಟ್ಟು ಲಾಭ: ನಲವತ್ತು ರೂಪಾಯಿ, ಒಬ್ಬ ಸೊಸೆ.