ಐದನೆಯ ತೆನೆಯ ತಕರಾರು

ಎಗರ್ಟ್ ಥೋಡ ನಲವತ್ತು ವರ್ಷ ಡೈರಿಯಲ್ಲಿ ಬೆಣ್ಣೆ ಕಡೆದವನು. ಆದರೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಬೆಣ್ಣೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಗ್ರಾಮಕೂಟದ ಲಾಂಛನ ಬರೆದೋನು ನಾನು" ಎನ್ನುತ್ತಿದ್ದ. ಉತ್ತರ ಜರ್ಮನಿಯ ಆ ಮೂಲೆಯಲ್ಲಿ ಐದು ಹಳ್ಳಿಗಳು ಸೇರಿ ಒಂದೇ ಕಚೇರಿ ನಡೆಸುತ್ತಿದ್ದವು. ಅವುಗಳ ಲಾಂಛನವೆಂದರೆ ಹಸಿರು ಗುರಾಣಿ, ಅದರ ಮೇಲೆ ಸಾಲಾಗಿ ಐದು ಚಿನ್ನದ ಗೋಧಿತೆನೆ. ಹಳ್ಳಿಗೊಂದು. ಬಾವುಟ, ಮೊಹರು, ಅಗ್ನಿಶಾಮಕ ಬಂಡಿಯ ಬಾಗಿಲು, ಎಲ್ಲಿ ನೋಡಿದರೂ ಅದೇ.

ಲಾಂಛನ ಬರೆಯಲೆಂದು ಗುರಾಣಿಶಾಸ್ತ್ರ ಕಲಿತ ಮೇಲೆ ಅವನಿಗೆ ಲೋಕವೆಲ್ಲ ತಪ್ಪುಗಳಿಂದ ತುಂಬಿರುವಂತೆ ಕಾಣತೊಡಗಿತು. ಬಣ್ಣದ ಮೇಲೆ ಬಣ್ಣ ಕೂರಬಾರದು, ಚಿನ್ನ ಬೆಳ್ಳಿ ಮಾತ್ರ ಕೂರಬಹುದು ಎಂಬುದು ಆ ಶಾಸ್ತ್ರದ ಮೊದಲ ಪಾಠ. ಬಿಯರ್ ಬಾಟಲಿಯ ಚೀಟಿಯಲ್ಲಿ ನೀಲಿಯ ಮೇಲೆ ಕೆಂಪು ಸಿಂಹ ಕಂಡರೆ ಮುಖ ಕಿವುಚಿ ಕೆಳಗಿಡುತ್ತಿದ್ದ. ಲೋಟಕ್ಕೆ ಸುರಿದುಕೊಂಡ ಮೇಲೆ ಕ್ಷಮಿಸುತ್ತಿದ್ದ. ಒಮ್ಮೆ ಹೆಂಡತಿ ಟೆಲ್ಸ ಹಸಿರು ಲಂಗದ ಮೇಲೆ ನೀಲಿ ಸ್ವೆಟರ್ ತೊಟ್ಟು ಹೊರಟಾಗ ಬಾಗಿಲಲ್ಲೇ ತಡೆದ.

"ಬಣ್ಣದ ಮೇಲೆ ಬಣ್ಣ ಆಯ್ತಲ್ಲೇ!"

"ನಾನೇನು ಗುರಾಣಿನಾ? ದಾರಿ ಬಿಡು ಮಾರಾಯ, ಬಸ್ಸು ಹೋಗುತ್ತೆ."

ಅವನ ಊರು ಲುಟ್ಟನ್‌ಹೂಡ, ಐದರಲ್ಲಿ ಚಿಕ್ಕದು, ಎಂಬತ್ಮೂರು ಜನ. ಶಾಲೆ ಮುಚ್ಚಿತ್ತು, ಅಂಗಡಿ ಮುಚ್ಚಿತ್ತು. ಹೊಸ ವರ್ಷಕ್ಕೆ ಊರನ್ನೇ ಪಕ್ಕದ ಹೋಹನ್‌ಬ್ರೂಕಿಗೆ ಸೇರಿಸಿದರು. ದೊಡ್ಡ ಊರುಗಳ ಸರಿಸಮಕ್ಕೆ ಲುಟ್ಟನ್‌ಹೂಡ ನಿಂತಿದ್ದ ಜಾಗ ಇನ್ನು ಒಂದೇ ಉಳಿದಿತ್ತು, ಆ ಗುರಾಣಿ. ಈಗ ಅದಕ್ಕೂ ಸಂಚಕಾರ ಬಂತು.

ಬುಧವಾರ ಮಧ್ಯಾಹ್ನ ಕೂಟದ ಕಚೇರಿಯಲ್ಲಿ ಸಭೆ. ಕಾಫಿ, ಬೆಣ್ಣೆ ಕೇಕು, ಉಳಿದ ನಾಲ್ಕೂರುಗಳ ಅಧ್ಯಕ್ಷರು. ಲಾಂಛನ ಸಮಿತಿಯ ಕಾರ್ಯದರ್ಶಿಯಾಗಿ ಎಗರ್ಟ್. ವೆಸ್ಟರ್‌ಮೋರಿನ ಅಧ್ಯಕ್ಷ ಹಾರೋ ಲೆನ್ಶ್ ಕೂತ ಕೂಡಲೇ ಶುರುಮಾಡಿದ.

"ಊರು ನಾಲ್ಕು, ತೆನೆ ಐದು. ಇಂಕೆನ್‌ಗೆ ಎರಡು, ನಮಗೆ ಒಂದೊಂದು. ಇದ್ಯಾವ ನ್ಯಾಯ?"

ಹೋಹನ್‌ಬ್ರೂಕಿನ ಅಧ್ಯಕ್ಷೆ ಇಂಕೆನ್ ಕೇಕು ಕತ್ತರಿಸುತ್ತ, "ನಾನೇನು ಕೇಳಿ ಇಸ್ಕೊಂಡ್ನಾ? ಊರು ಬಂತು, ಜೊತೆಗೆ ತೆನೆನೂ ಬಂತು. ಬಳುವಳಿ ಅನ್ಕೋ" ಎಂದಳು.

"ಬಳುವಳಿ ಬೇಡ. ಒಂದು ಕಿತ್ತಾಕಿ."

ಎಗರ್ಟ್ ಎದ್ದು ನಿಂತ. "ಗುರಾಣಿ ಅಂದ್ರೆ ಕಾಯಿಪಲ್ಲೆ ಮಡಿ ಅಲ್ಲ ಹಾರೋ, ಬೇಕೆಂದಾಗ ಕೀಳೋಕೆ!" ಎಂದವನು ಗುರಾಣಿಯ ಹುಟ್ಟಿನಿಂದ ಹಿಡಿದು ವಿವರಿಸತೊಡಗಿದ. ಅವನ ಕಥೆಯಲ್ಲಿ ಕುದುರೆಯೇರಿದ ವೀರರು ಯುದ್ಧಕ್ಕೆ ಹೊರಡುವಷ್ಟರಲ್ಲಿ ಹಾರೋ ಎರಡನೇ ತುಂಡು ಕೇಕು ಮುಗಿಸಿದ್ದ.

"ಸಾಕಪ್ಪ. ನಿಮ್ಮೂರಿನ ತೆನೆ ಯಾವ್ದು ತೋರ್ಸು. ಅದನ್ನೇ ತೆಗೆದ್ರೆ ಆಯ್ತು."

ತನ್ನೂರಿನ ತೆನೆ ಯಾವುದೆಂದು ಎಗರ್ಟ್ ಊರಾಚೆ ಯಾರಿಗೂ ಹೇಳಿರಲಿಲ್ಲ. ಅಂಚಿನದೊಂದನ್ನು ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು, ಕತ್ತರಿಸಿದರೂ ಗುಟ್ಟು ತನ್ನಲ್ಲೇ ಉಳಿಯುತ್ತಿತ್ತು. ಆದರೆ ಲಾಂಛನ ಬರೆದಂದಿನಿಂದ ಎಂಟು ವರ್ಷ ಎದೆಯಲ್ಲಿಟ್ಟು ಸಾಕಿದ ಹೆಮ್ಮೆ ಕೇಳಬೇಕಲ್ಲ! ಗೋಡೆಯ ಮೇಲಿನ ಗುರಾಣಿಯ ಬಳಿ ಹೋಗಿ ನಡುವಿನ ತೆನೆಯ ಮೇಲೆ ಬೆರಳಿಟ್ಟ.

"ಇದು. ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರ ಬರೆದಿದೀನಿ, ಬೇಕಾದ್ರೆ ಅಳೆದು ನೋಡಿ."

"ಏನಂದೆ?" ಹಾರೋ ಕುರ್ಚಿಯಿಂದೆದ್ದ. "ಅದು ನಮ್ದು! ದಿಬ್ಬದ ಮೇಲಿನ ಊರು ಅಂತಾನೇ ಎತ್ತರ ಬರ್ದಿದಾನೆ ಅಂತ ಊರೆಲ್ಲ ಹೇಳಿದೀನಿ!"

"ದೊಡ್ಡೂರು ನಮ್ದಪ್ಪ," ಎಂದಳು ಇಂಕೆನ್. "ನಮ್ ಶಾಲೆ ಮಕ್ಕಳಿಗೆ ಅದನ್ನೇ ತೋರಿಸ್ತಿರೋದು."

ಮೂರನೆಯವನು ತಮ್ಮೂರ ಇಗರ್ಜಿಯ ಗೋಪುರದ ಮಾತೆತ್ತಿದ. ನಾಲ್ಕನೆಯವನು ಕಾರಣವನ್ನೇ ಕೊಡದೆ ನಮ್ಮದೇ ಎಂದ. ಎಂಟು ವರ್ಷಗಳಿಂದ ಐದೂರಿನವರೂ ಒಂದೇ ತೆನೆಯನ್ನು ತಮ್ಮದೆಂದುಕೊಂಡು ಮೆರೆದಿದ್ದರು. ಅಕ್ಕಪಕ್ಕದ ನಾಲ್ಕಕ್ಕೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

"ಸರಿ, ಹಂಗಾದ್ರೆ ಪಕ್ಕದ್ದೊಂದು ತೆಗೀರಿ," ಎಂದ ಹಾರೋ. ಪೆನ್ಸಿಲ್ ಹಿಡಿದು ಕಾಗದದ ಮೇಲೆ ನಾಲ್ಕು ಗೀಟು ಎಳೆದ. ನೋಡಿದ. ಇನ್ನೊಮ್ಮೆ ನೋಡಿದ.

"ನಾಲ್ಕಾದ್ರೆ... ನಡುವಿಂದು ಎಲ್ಲಿರುತ್ತೆ?"

ಎಲ್ಲರೂ ಕಾಗದದ ಮೇಲೆ ಬಗ್ಗಿದರು. ಇಂಕೆನ್‌ಗೆ ಮೊದಲು ನಗು ಬಂತು. ಕೈಯೆತ್ತಿಸಿದಾಗ ಐದು ತೆನೆಗಳೂ ಇರಲಿ ಎಂದು ನಾಲ್ಕು ಕೈಗಳೂ ಮೇಲೆದ್ದವು. ಹಾರೋನದು ಎಲ್ಲಕ್ಕಿಂತ ಮೊದಲು. ಜಗಳ ಮತ್ತೆ ಹುಟ್ಟದಿರಲೆಂದು ಇಂಕೆನ್ ಠರಾವಿಗೆ ಇನ್ನೊಂದು ಸಾಲು ಸೇರಿಸಲು ಹೇಳಿದಳು: ಯಾವ ತೆನೆ ಯಾವ ಊರಿನದೆಂದು ಯಾರೂ ಕೇಳತಕ್ಕದ್ದಲ್ಲ, ಹೇಳತಕ್ಕದ್ದಲ್ಲ. ಕಾರ್ಯದರ್ಶಿ ಅದನ್ನು ಒಂದಕ್ಷರ ತಪ್ಪದಂತೆ ಬರೆದು, ಓದಿ ಹೇಳಿ, ರುಜು ಹಾಕಿದ.

ಮನೆಗೆ ಬಂದಾಗ ಟೆಲ್ಸ ಬಾಗಿಲಲ್ಲೇ ಕಾಯುತ್ತಿದ್ದಳು.

"ಉಳೀತಾ?"

"ಉಳೀತು."

"ಅಬ್ಬ! ನಡುವಿಂದು ನಮ್ಮದೇ ತಾನೆ?"

ಎಗರ್ಟ್ ಬೂಟಿನ ಲಾಡಿ ಬಿಚ್ಚುವುದರಲ್ಲಿ ಬಹಳ ಹೊತ್ತು ತೊಡಗಿದ. "ಹಂಗೆಲ್ಲ ಕೇಳೋ ಹಾಗಿಲ್ಲ. ಠರಾವಾಗಿದೆ."

"ಅಂಥಾ ತಲೆಕೆಟ್ಟ ಠರಾವು ಬರ್ದೋರ್ಯಾರು?"

"ನಾನೇ," ಎಂದ ಎಗರ್ಟ್, ಬೆನ್ನು ನೆಟ್ಟಗೆ ಮಾಡಿ.