ಡೀಲಿಯಾ ಒತ್ತಾಯ ಮಾಡದ ದಿನ

ಡೀಲಿಯಾ ಗೆರಟಿಯ ಮನೆಗೆ ಹೋದವರು ಹೊಟ್ಟೆ ಬಿರಿಯ ತಿನ್ನದೆ ಎದ್ದು ಬಂದದ್ದು ನಾನಂತೂ ಕಂಡಿಲ್ಲ. ನಮ್ಮ ಪಶ್ಚಿಮ ಐರ್ಲೆಂಡಿನಲ್ಲಿ ಚಹಾ ಬೇಕೇ ಎಂದರೆ ಮರ್ಯಾದಸ್ಥರು ಮೊದಲು ಬೇಡ ಎನ್ನಬೇಕು. ಕೇಳಿದವರು ಬಿಡಬಾರದು. ಆ ಮೊದಲನೆಯ ‘ಬೇಡ’ವನ್ನೇ ನಿಜವೆಂದು ನಂಬಿ ಸುಮ್ಮನಾಗುವವರ ಮನೆಗೆ ಯಾರೂ ಎರಡನೇ ಸಲ ಹೋಗುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಜೀವ ಸವೆಸಿದ ಡೀಲಿಯಾ ಒತ್ತಾಯ ಮಾಡುವುದರಲ್ಲಿ ಎತ್ತಿದ ಕೈ. ಗಂಡನ ಶವವನ್ನು ಮನೆಯಲ್ಲಿಟ್ಟುಕೊಂಡೂ ಬಂದವರ ಕೈಗೆ ಹ್ಯಾಮ್ ಸ್ಯಾಂಡ್‌ವಿಚ್ ತುರುಕಿದವಳು. ಪಕ್ಕದ ಮನೆಯ ನನ್ನ ಸೊಂಟದ ಸುತ್ತಳತೆಗೂ ಅವಳೇ ಹೊಣೆ.

ಅಂಥವಳು ಕಳೆದ ಚಳಿಗಾಲದಿಂದ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

ಆ ಜನವರಿಯಲ್ಲಿ ಅವಳಿಗೆ ಹೃದಯಾಘಾತವಾಯಿತು. ನಾನೇ ಕಾರಿನಲ್ಲಿ ಹಾಕಿಕೊಂಡು ಹೋದೆ. ತುರ್ತು ವಿಭಾಗದವರು ಔಷಧಿ ಕೊಟ್ಟರು, ಹೃದಯದ ವಾರ್ಡಿಗೆ ಸೇರಿಸಬೇಕು ಎಂದೂ ಬರೆದರು. ಆದರೆ ಮಹಡಿಯ ಮೇಲಿನ ಆ ವಾರ್ಡಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಕೆಳಗೆ ಕಾರಿಡಾರಿನಲ್ಲಿ, ಬಾಗಿಲಿನ ಗಾಳಿಗೆ, ಟ್ರಾಲಿಯ ಮೇಲೆ ಮಲಗಿಸಿದರು. ನಮಗೇನು ಇದು ಹೊಸದೇ? ಮಂತ್ರಿಗಳು ಬರುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಹೋಗುತ್ತಾರೆ. ನನ್ನ ಬಾಯಿಗೆ ಬರುವುದನ್ನೆಲ್ಲ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ.

ಪಕ್ಕದ ಟ್ರಾಲಿಯಲ್ಲಿ ಫಿಂಟನ್ ಹೆಶನ್. ನಮ್ಮೂರಿನವನೇ, ಓಟದ ನಾಯಿಗಳನ್ನು ಸಾಕಿ ಪಳಗಿಸುವವನು, ಅವನಿಗೂ ಅದೇ ಕಾಯಿಲೆ. ಇಬ್ಬರೂ ಮರುದಿನದವರೆಗೆ ಅಲ್ಲೇ ಬಿದ್ದಿದ್ದರು. ಮಧ್ಯಾಹ್ನ ಫಿಂಟನ್ ಅವಳ ಕಡೆ ವಾಲಿ, ನೋವು ಮತ್ತೆ ಶುರುವಾಗಿದೆ, ಎಡಗೈಗೂ ಇಳಿಯುತ್ತಿದೆ ಎಂದು ಪಿಸುಗುಟ್ಟಿದನಂತೆ. ಸ್ವಲ್ಪ ಹೊತ್ತಿಗೆ ನರ್ಸ್ ಬಂದಳು. ಮೇಲೆ ಒಂದೇ ಒಂದು ಹಾಸಿಗೆ ತೆರವಾಗಿತ್ತು. ನೋವು ಇನ್ನೂ ಇರುವವರಿಗೆ ಅದು ಮೊದಲು ಸಿಗಬೇಕು. ಫಿಂಟನ್, ಈಗ ನೋವಿದೆಯಾ ಎಂದು ಕೇಳಿದಳು.

“ಏನಿಲ್ಲಮ್ಮ, ಆರಾಮಾಗಿದ್ದೀನಿ. ಡೀಲಿಯಾನ್ನ ನೋಡು ಮೊದ್ಲು.”

ಡೀಲಿಯಾ ತುಟಿ ಬಿಚ್ಚಲಿಲ್ಲ. ಅವಳನ್ನು ಮೇಲಕ್ಕೆ ಕರೆದೊಯ್ದರು.

ಫಿಂಟನ್‌ಗೆ ಆ ಸಂಜೆ ಕಾರಿಡಾರಿನಲ್ಲೇ ಎರಡನೇ ಆಘಾತವಾಯಿತು. ದಾಟಿಹೋಗುತ್ತಿದ್ದ ಯಾರೋ ಅವನ ಮುಖ ಬಿಳಿಚಿದ್ದು ನೋಡಿ ಕೂಗಿದ್ದರಿಂದ ಜೀವ ಉಳಿಯಿತು. ಮೇಲಿದ್ದಿದ್ದರೆ ಎದೆಬಡಿತ ಗಮನಿಸುವ ಯಂತ್ರವೇ ಮೊದಲು ಎಚ್ಚರಿಸುತ್ತಿತ್ತು, ಹೃದಯ ಇಷ್ಟು ಹಾಳಾಗುತ್ತಿರಲಿಲ್ಲ ಎಂದು ವೈದ್ಯರು ಅವನ ಹೆಂಡತಿ ಮೋನಾಗೆ ಹೇಳಿದರು. ಈಗ ಗೇಟಿನವರೆಗೆ ನಡೆದರೆ ಉಬ್ಬಸ. ನಾಯಿಗಳನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟರು. ತನ್ನ ಸರದಿಯನ್ನು ವಿಧವೆಗೆ ಬಿಟ್ಟುಕೊಟ್ಟ ಪುಣ್ಯಾತ್ಮ ಎಂದು ಊರೆಲ್ಲ ಹೊಗಳಿತು, ಪಾದ್ರಿಗಳು ಚರ್ಚಿನ ಪೂಜೆಯಲ್ಲೂ ಹೇಳಿದರು. ಡೀಲಿಯಾ ಹಿಂದಿನ ಬೆಂಚಿನಲ್ಲಿ ಬೆವರುತ್ತಿದ್ದಳು.

ಪಾಪನಿವೇದನೆ ಮಾಡಿಕೊಂಡಳು. ಬೇಡ ಅಂದವನು ಅವನೇ ಅಲ್ಲವೇ, ನಿನ್ನದೇನು ತಪ್ಪು ಎಂದು ಪಾದ್ರಿಗಳು ಸಮಾಧಾನ ಹೇಳಿ ಕಳಿಸಿದರು. ನಾನೂ ಅದನ್ನೇ ಹೇಳಿ ಹೇಳಿ ಸುಸ್ತಾಗಿ ಒಂದು ಸಲ ಗದರಿಯೂಬಿಟ್ಟೆ. ಆಗ ಅವಳು, ಅವನ ಮುಂದೆಯೇ ಹೇಳಬೇಕು, ಕರೆದುಕೊಂಡು ಹೋಗು ಎಂದಳು. ಅವನು ಕ್ಷಮಿಸಿದರೆ ಬದುಕುತ್ತೇನೆ, ಇಲ್ಲದಿದ್ದರೆ ಈ ಊರೇ ಬೇಡ ಎಂದಳು.

ಫಿಂಟನ್ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಮೋನಾ ಆಲೂಗಡ್ಡೆ ಸುಲಿಯುತ್ತಿದ್ದಳು. ಡೀಲಿಯಾ ಕೋಟು ಸಹ ಬಿಚ್ಚಲಿಲ್ಲ.

“ನಿಂಗೆ ನೋವಿದೆ ಅಂತ ನಂಗೆ ಗೊತ್ತಿತ್ತು. ಆದ್ರೂ ನರ್ಸ್ ಮುಂದೆ ಬಾಯಿ ಮುಚ್ಕೊಂಡಿದ್ದೆ. ಹೆದರಿದ್ದೆ ಕಣೋ. ಆ ಹಾಸಿಗೆ ನಂಗೇ ಬೇಕಿತ್ತು.”

ಮೋನಾಳ ಚಾಕು ನಿಂತಿತು. ಅವಳಿಗೆ ಇದೇನೂ ಗೊತ್ತಿರಲಿಲ್ಲ. ಫಿಂಟನ್ ಬೈದುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

“ನಾನು ಬೇಡ ಅಂದೆ, ಸರಿ. ಹಂಗನ್ನದೆ ಇನ್ನೇನನ್ನಲಿ, ಪಕ್ಕದಲ್ಲೇ ನೀನು ಮಲಗಿರುವಾಗ? ಆದ್ರೆ ನೀನು ಬಿಡಲ್ಲ ಅಂದ್ಕೊಂಡಿದ್ದೆ, ಡೀಲಿಯಾ. ಅವನ ಮಾತು ಕೇಳ್ಬೇಡ, ಅವನಿಗೆ ನೋವಿದೆ ಅಂತ ಹೇಳ್ತೀಯ ಅಂದ್ಕೊಂಡಿದ್ದೆ. ನಿನ್ನ ಟ್ರಾಲಿ ಆ ಮೂಲೆ ತಿರುಗೋವರೆಗೂ ನಿನ್ನನ್ನೇ ನೋಡ್ತಿದ್ದೆ.”

“ನೋಡ್ತಿದ್ದದ್ದು ಕಾಣಿಸ್ತು,” ಎಂದಳು ಡೀಲಿಯಾ. “ಅದಕ್ಕೇ ಗೋಡೆ ಕಡೆ ತಿರುಗಿ ಮಲಗ್ದೆ.”

ಮೋನಾ ಎದ್ದು, ಡೀಲಿಯಾಳ ಕಡೆ ನೋಡದೆ, ಹಿಂಬಾಗಿಲಿನಿಂದ ಅಂಗಳಕ್ಕೆ ಹೋದಳು.