ಜಪಾನಿನ ಕಡಲ ತಡಿಯಲ್ಲಿ ನಾನು ಕಾಗೆಯಾದದ್ದು

ಇವತ್ತು ಬಿಸಿಲು ಸ್ವಲ್ಪ ಮುಖ ತೋರಿಸಿತೆಂದು ನನ್ನ ಹೆಂಡತಿ ಕಪಾಟಿನ ಮೇಲಿದ್ದ ಪ್ರಯಾಣದ ಚೀಲಗಳನ್ನೆಲ್ಲ ಅಂಗಳಕ್ಕೆ ತಂದು ಕೊಡವಿದಳು. ಒಂದು ಚೀಲದ ಹೊಲಿಗೆಯ ಸಂದಿಯಿಂದ ಚಿಟಿಕೆಯಷ್ಟು ಬೂದುಬಣ್ಣದ ಮರಳು ಉದುರಿತು. "ಇದೆಂತ, ಉಳ್ಳಾಲ ಬೀಚಿನದ್ದಾ?" ಎಂದಳು. ಅಲ್ಲ, ಜಪಾನಿನದು ಎಂದೆ. ಅವಳು ಅದನ್ನು ಗುಡಿಸಿ ದಾಸವಾಳದ ಬುಡಕ್ಕೆ ಹಾಕಿ ಒಳಗೆ ಹೋದಳು. ನಾನು ಮಾತ್ರ ಜಗಲಿಯಲ್ಲೇ ಕೂತುಬಿಟ್ಟೆ. ಬನ್ನಿ, ನೀವೂ ಕೂತುಕೊಳ್ಳಿ. ನನ್ನ ಮರ್ಯಾದೆ ಹೋದ ಕಥೆ, ನಾನೇ ಹೇಳುತ್ತೇನೆ.

ನಾನು ಜಪಾನಿಗೆ ಹೋದದ್ದು ಬುದ್ಧನನ್ನು ನೋಡಲಿಕ್ಕೂ ಅಲ್ಲ, ಬುಲೆಟ್ ರೈಲು ಹತ್ತಲಿಕ್ಕೂ ಅಲ್ಲ. ಗಂಡು ನೋಡಲಿಕ್ಕೆ. ಮಂಗಳೂರಿನ ಶಕ್ತಿನಗರದಲ್ಲಿರುವ ನನ್ನ ಜಲಜಕ್ಕನ ಒಬ್ಬಳೇ ಮಗಳು ನಿಶ್ಮಿತಾ ಜಪಾನಿನ ಒಂದು ವೃದ್ಧರ ಆರೈಕೆಯ ಮನೆಯಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲೇ ಅಡುಗೆ ವಿಭಾಗ ನೋಡಿಕೊಳ್ಳುವ ಕೆಂಜಿ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಕೂತಿದ್ದಳು. ಭಾವ ತೀರಿಕೊಂಡು ಆರು ವರ್ಷವಾಗಿತ್ತು. ನಮ್ಮ ತುಳುವರ ಮನೆಗಳಲ್ಲಿ ಹುಡುಗಿಯ ಮದುವೆಗೆ ಸೋದರಮಾವ ಹೂಂ ಎನ್ನಬೇಕು. ಆ ಸೋದರಮಾವ ನಾನು.

ಈ ಕೆಲಸದಲ್ಲಿ ನನಗೆ ಭಾರೀ ಹೆಸರಿತ್ತು ಎನ್ನುವುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಬಲ್ಮಠದಲ್ಲಿ ಸಣ್ಣದೊಂದು ಹೋಟೆಲು ನಡೆಸುವವನಿಗೆ ಜನರ ಮುಖ ನೋಡಿಯೇ ಯಾರು ಬಿಲ್ಲು ಕೊಡದೆ ಎದ್ದು ಹೋಗುತ್ತಾರೆ ಎಂದು ಗೊತ್ತಾಗುತ್ತದಂತೆ. ಹಾಗೆಂದು ಹೇಳುತ್ತಿದ್ದವನು ನಾನೇ. ಗಂಡಿನ ಮನೆಗೆ ಹೋದರೆ ಮೊದಲು ಬಾವಿಗೆ ಇಣುಕುತ್ತಿದ್ದೆ, ಆಮೇಲೆ ಮಾಡಿನ ಪಕ್ಕಾಸಿನ ಮರ ಗಟ್ಟಿಯುಂಟಾ ಎಂದು ನೋಡುತ್ತಿದ್ದೆ, ಆಮೇಲೆ ಹುಡುಗ ತಾಯಿಯ ಹತ್ತಿರ ನೀರು ಕೇಳುವ ಧಾಟಿ. ಅವರು ಕೊಟ್ಟ ಬನ್ಸ್, ಗೋಳಿಬಜೆಗಳನ್ನು ತಪಾಸಣೆಯ ಅಂಗವೆಂದೇ ಭಾವಿಸಿ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಹೊರಡುವ ಮೊದಲು ಅಕ್ಕ ಕರೆದು ಕೂರಿಸಿದಳು. "ನೀನು ಹೋಗಿ ನೋಡು ಮಾರಾಯ. ಎಂತಾದ್ರೂ ಒಂದು ಐಬು ಇದ್ದೇ ಇರ್ತದೆ. ಹುಡುಕಿ ತಾ."

"ಐಬು ಇಲ್ಲದಿದ್ರೆ?"

"ನೀನು ಹೋದ ಮೇಲೆ ಸಿಗದೆ ಇರ್ತದಾ?" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. "ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣುಮಕ್ಕಳಿಂದ ಅಲ್ವಾ. ನಾಳೆ ನಾನು ಹೋದ್ರೆ ಆಟಿಯಲ್ಲಿ ನನಗೊಂದು ಎಲೆ, ಅವರಿಗೊಂದು ಎಲೆ ಅಂತ ಹಾಕ್ಲಿಕ್ಕೆ ಜನ ಬೇಡ್ವಾ? ಆ ಊರಿನವರಿಗೆ ಇದೆಲ್ಲ ಎಂತ ಗೊತ್ತುಂಟು?"

ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆಯ ತಿಂಗಳು. ಆಗ ಒಳ್ಳೆಯ ಕಾರ್ಯದ ಮಾತೆತ್ತುವುದಿಲ್ಲ. ತೀರಿಕೊಂಡವರು ಮನೆಗೆ ಬರುವ ಕಾಲ ಅದು. ಅವರಿಗೆ ಇಷ್ಟವಾದದ್ದನ್ನು ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ನಾವು ಹೊರಗೆ ನಿಲ್ಲುತ್ತೇವೆ. ಅವರು ಉಂಡರು ಎನ್ನುವಷ್ಟು ಹೊತ್ತು ಕಾದು ಬಾಗಿಲು ತೆರೆದು, ಒಂದು ತುತ್ತು ಕಾಗೆಗಿಟ್ಟು, ಆಮೇಲೆ ನಮ್ಮ ಊಟ. ಅಕ್ಕನ ಮನೆಯಲ್ಲಿ ಭಾವನಿಗೆ ಬಡಿಸುವವನು ನಾನು. ಖಾರ ಹಚ್ಚಿ ಎಣ್ಣೆಯಲ್ಲಿ ಕಾಯಿಸಿದ ಬಂಗುಡೆ ಮೀನು ಎಂದರೆ ಭಾವನಿಗೆ ಪ್ರಾಣ. ಬಾಗಿಲ ಹತ್ತಿರ ಸುಳಿಯುವ ಮಕ್ಕಳಿಗೆ "ಹಿರಿಯರು ಉಣ್ಣುವ ಮೊದಲು ಕೈ ಹಾಕಿದ್ರೆ ಜಾಗ್ರತೆ!" ಎಂದು ಗದರುವ ಅಧಿಕಾರವೂ ನನ್ನದೇ. ಇದನ್ನು ನೆನಪಿಡಿ.

ನಿಶ್ಮಿಗೆ ರಜೆ ಸಿಕ್ಕಿದ್ದು ಸರಿಯಾಗಿ ಆಗಸ್ಟಿನಲ್ಲಿ. ಅಕ್ಕನಿಗೆ ಒಳಗೊಳಗೇ ಖುಷಿ. "ಒಳ್ಳೇದೇ ಆಯ್ತು. ಐಬು ಸಿಗದಿದ್ರೆ ಆಟಿಯಲ್ಲಿ ಮಾತು ಕೊಡ್ಲಿಕ್ಕಿಲ್ಲ ಅಂತ ಹೇಳಿ ಬಂದುಬಿಡು." ಹೀಗೆ ಒಂದು ನೆಪವನ್ನೂ ನಾಲ್ಕು ಪ್ಯಾಕೆಟ್ ಮೀನಿನ ಮಸಾಲೆಯನ್ನೂ ಹೊತ್ತುಕೊಂಡು ನಾನು ವಿಮಾನ ಹತ್ತಿದೆ.

ಕೆಂಜಿಯ ಮನೆಯಲ್ಲಿ ನನ್ನ ವಿದ್ಯೆ ನಡೆಯಲಿಲ್ಲ. ಬಾವಿ ಇಲ್ಲ, ಇಣುಕುವುದೆಲ್ಲಿಗೆ? ಹುಡುಗ ತಾಯಿಯ ಹತ್ತಿರ ನೀರು ಕೇಳುವುದೇ ಇಲ್ಲ, ತಾನೇ ಎದ್ದು ಅವಳಿಗೂ ತಂದು ಕೊಡುತ್ತಾನೆ. ಎಲ್ಲರೂ ನನಗೆ ಬಗ್ಗಿ ನಮಸ್ಕರಿಸಿದರು, ನಾನೂ ಬಗ್ಗಿದೆ, ಅವರು ಮತ್ತೆ ಬಗ್ಗಿದರು. ಎರಡು ದಿನದಲ್ಲಿ ಸಿಕ್ಕಿದ್ದು ಸೊಂಟನೋವು ಬಿಟ್ಟರೆ ಬೇರೇನಿಲ್ಲ. ಮೂರನೆಯ ದಿನ ಕೆಂಜಿಯ ಅಪ್ಪ, ನಮ್ಮ ಕುಟುಂಬ ವರ್ಷವೂ ಹೋಗುವ ಕಡಲ ತೀರವೊಂದಿದೆ, ಹೋಗೋಣ ಎಂದರು. ನನಗೆ ಜೀವ ಬಂತು. ಕಡಲ ವಿಷಯದಲ್ಲಿ ಮಂಗಳೂರಿನವನಿಗೆ ಯಾರು ಪಾಠ ಹೇಳುತ್ತಾರೆ?

ಬೀಚಿಗೆ ಹೋಗುವುದೆಂದರೆ ನಮಗೆ ಒಂದು ಕ್ರಮ ಉಂಟಷ್ಟೆ. ಇಸ್ತ್ರಿ ಮಾಡಿದ ಪ್ಯಾಂಟು, ಶೂ, ಸಂಜೆ ಐದರ ನಂತರ. ಚರುಮುರಿ, ಐಸ್ ಕ್ರೀಂ, ನೀರಿಗೆ ಬೆನ್ನು ಹಾಕಿ ಒಂದು ಫೋಟೊ, ಟ್ರಾಫಿಕ್ಕಿಗೆ ಬೈಯುತ್ತಾ ವಾಪಸು. ಅದೇ ವೇಷದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಇಳಿದೆ. ನೋಡಿದರೆ ಅರ್ಧಚಂದ್ರದಂತಹ ಒಂದು ಸಣ್ಣ ಕೊಲ್ಲಿ, ಹಿಂದೆ ಸಾಲು ಪೈನ್ ಮರಗಳು, ಕೈಕಾಲು ತೊಳೆಯಲು ಒಂದು ನಲ್ಲಿ. ಅಷ್ಟೇ! ಒಂದು ಗಾಡಿಯಿಲ್ಲ, ಒಂಟೆಯಿಲ್ಲ, ಸ್ಪೀಕರ್ ಇಲ್ಲ. ನಾಲ್ಕೈದು ಕುಟುಂಬಗಳು ಚಾಪೆ ಹಾಸಿಕೊಂಡು ಮೆಲ್ಲಗೆ ಮಾತಾಡುತ್ತಿದ್ದವು. ಆಗಸ್ಟಿನಲ್ಲಿ ನಮ್ಮ ಕಡಲು ತಡೆಗೋಡೆಯ ಕಲ್ಲುಗಳನ್ನೇ ಎಳೆದುಕೊಂಡು ಹೋಗುತ್ತದೆ. ಇಲ್ಲಿನದು ಕೆರೆಯ ಹಾಗೆ ಮಲಗಿತ್ತು. ಸಿಕ್ಕಿತು ಐಬು ಎಂದುಕೊಂಡೆ. ಇಷ್ಟು ಚಂದದ ಜಾಗವನ್ನು ಹೀಗೆ ಸುಮ್ಮನೆ ಬಿಟ್ಟವರಿಗೆ ಬದುಕುವ ಬುದ್ಧಿ ಉಂಟಾ?

"ನಿಶ್ಮಿ, ಇವರಿಗೆ ಹೇಳು. ಈ ಮರ ತೆಗೆದ್ರೆ ಇಪ್ಪತ್ತು ಕಾಟೇಜ್ ಆಗ್ತದೆ. ಆ ಮೂಲೆಯಲ್ಲಿ ಒಂದು ರೆಸ್ಟೋರೆಂಟ್."

"ಮಾಮ, ಇದನ್ನು ನಾನು ಅವರ ಭಾಷೆಯಲ್ಲಿ ಹೇಳುವುದಿಲ್ಲ," ಎಂದಳು. ಕೆಂಜಿಯ ಅಪ್ಪ ಕುತೂಹಲದಿಂದ ನೋಡುತ್ತಿದ್ದರು. ಅವಳು ಅವರಿಗೆ ಏನೋ ಹೇಳಿದಳು, ಅವರು ಸಂತೋಷದಿಂದ ನನಗೆ ಬಗ್ಗಿದರು. "ಮಾಮನಿಗೆ ಜಾಗ ತುಂಬಾ ಇಷ್ಟ ಆಯ್ತಂತೆ ಅಂದೆ," ಎಂದು ನನ್ನ ಕಡೆ ತಿರುಗಿದಳು. ಅವಳ ಕಣ್ಣು ಆಗಲೇ ತುಂಬಿತ್ತು. "ನೀವು ಐಬು ಹುಡುಕ್ಲಿಕ್ಕೆ ಬಂದದ್ದು ನನಗೆ ಗೊತ್ತುಂಟು ಮಾಮ. ಅಮ್ಮನ ಸ್ವರದಲ್ಲೇ ಗೊತ್ತಾಗ್ತದೆ. ನೀವು ಬೇಡ ಅಂದ್ರೆ ನಾನು ಇವನನ್ನು ಮದುವೆ ಆಗುವುದಿಲ್ಲ. ಆದ್ರೆ ಬೇರೆ ಯಾರನ್ನೂ ಆಗುವುದಿಲ್ಲ."

ನಾನು ಶೂ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಕೆಂಜಿ ನನ್ನನ್ನು ನೀರಿಗೆ ಕರೆದ. ನಾನು ಕಡಲ ಮಗ ಎಂದು ಎರಡು ದಿನದಿಂದ ಬಡಾಯಿ ಕೊಚ್ಚಿದ್ದೆನಲ್ಲ, ಅದರ ಫಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹುಟ್ಟಿದ್ದು ಉಳ್ಳಾಲದಲ್ಲಾದರೂ ಮೊಣಕಾಲಿನಿಂದ ಮೇಲೆ ಕಡಲು ನನ್ನನ್ನು ಮುಟ್ಟಿದ್ದಿಲ್ಲ. ಈಜು ಬರುವುದಿಲ್ಲ ಎನ್ನಲು ನಾಚಿಕೆಯಾಗಿ, "ಆಟಿಯಲ್ಲಿ ನಾವು ಕಡಲಿಗೆ ಇಳಿಯುವ ಕ್ರಮ ಇಲ್ಲ. ಸತ್ತವರು ತಿರುಗಾಡುವ ಕಾಲ," ಎಂದುಬಿಟ್ಟೆ. ನಿಶ್ಮಿ ಅದನ್ನು ಹೇಳಿದ್ದೇ, ಚಾಪೆಯ ಮೇಲಿದ್ದ ಕೆಂಜಿಯ ಅಜ್ಜಿ ನೆಟ್ಟಗೆ ಕೂತರು. ಅವರದ್ದೂ ಅದೇ ಮಾತಂತೆ. ಈ ವಾರ ಸತ್ತವರು ಮನೆಗೆ ಬಂದು ಹೋಗುವ ಹಬ್ಬ, ನೀರಿಗಿಳಿದರೆ ಕಾಲು ಎಳೆಯುತ್ತಾರೆ ಎಂದು ಮೊಮ್ಮಗನಿಗೆ ಬೈದರು. ನನ್ನ ಸುಳ್ಳಿಗೆ ಇಷ್ಟು ದೊಡ್ಡ ಸಾಕ್ಷಿ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ಖುಷಿಯಲ್ಲಿ ಬೇರೇನೂ ಯೋಚಿಸಲೂ ಇಲ್ಲ.

ಮಧ್ಯಾಹ್ನ ಅಜ್ಜಿ ಬುತ್ತಿ ಬಿಚ್ಚಿದರು. ಎಲ್ಲರ ನಡುವೆ ಕಡಲ ಪಾಚಿ ಸುತ್ತಿದ ಅನ್ನದ ಉಂಡೆಗಳು. ಚಾಪೆಯ ಕೊನೆಯಲ್ಲಿ, ಕಡಲಿಗೆ ಮುಖ ಮಾಡಿ, ಬೇರೆಯೇ ಎರಡು ತಟ್ಟೆ. ಒಂದರಲ್ಲಿ ಏನೋ ಬೇಯಿಸಿದ ತರಕಾರಿ. ಇನ್ನೊಂದರಲ್ಲಿ, ದೇವರಾಣೆಗೂ ಹೇಳುತ್ತೇನೆ, ಕೆಂಪಗೆ ಕಾಯಿಸಿದ ಎರಡು ಮೀನು! ಬಂಗುಡೆಯ ದಾಯಾದಿಯಂತಿತ್ತು. ಮೂರು ದಿನದಿಂದ ಉಪ್ಪು ಖಾರ ಕಾಣದ ನಾಲಿಗೆ ನನ್ನದು. ಅಂತೂ ಸೋದರಮಾವನ ಮರ್ಯಾದೆ ಇವರಿಗೆ ಗೊತ್ತಾಯಿತು ಎಂದುಕೊಂಡೆ. ಎಲ್ಲರೂ ಕೈ ತೊಳೆಯಲು ನಲ್ಲಿಯ ಕಡೆ ಹೋಗಿದ್ದರು. ಸುಮ್ಮನೆ ಒಂದು ಚೂರು ಮುರಿದು ಬಾಯಿಗೆ ಹಾಕಿದೆ. ಅಯ್ಯೋ, ನಮ್ಮದೇ ಮಸಾಲೆ! ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅವರು ಬರುವಾಗ ತಟ್ಟೆಯಲ್ಲಿ ಮುಳ್ಳು ಮಾತ್ರ ಇತ್ತು.

ನಿಶ್ಮಿ ನಿಂತಲ್ಲೇ ನಿಂತಳು. "ಮಾಮ... ಅದು ಪಪ್ಪನಿಗೆ ಇಟ್ಟದ್ದು."

"ಯಾವ ಪಪ್ಪ?"

"ನನ್ನ ಪಪ್ಪ. ಆ ತರಕಾರಿಯ ತಟ್ಟೆ ಕೆಂಜಿಯ ತೀರಿಹೋದ ಅಜ್ಜನದ್ದು. ವರ್ಷವೂ ಇಲ್ಲಿಗೆ ತಂದು ಇಡ್ತಾರೆ. ಈ ಸಲ ನಿನ್ನ ಅಪ್ಪನೂ ಬರ್ಲಿ, ಅವರಿಗೆ ಎಂತ ಇಷ್ಟ ಅಂತ ಅಜ್ಜಿಯೇ ಕೇಳಿದ್ರು. ಕೆಂಜಿ ಬೆಳಿಗ್ಗೆ ಐದು ಗಂಟೆಗೆ ಎದ್ದು ಕಾಯಿಸಿದ್ದು, ನೀವು ತಂದ ಮಸಾಲೆಯಲ್ಲಿ."

ಎಷ್ಟೋ ಸಲ ನಾನು ಪೆಚ್ಚಾಗಿದ್ದೇನೆ. ಆ ದಿನದಂತೆ ಎಂದೂ ಆಗಿಲ್ಲ. ಆ ಕ್ಷಣ ಕಾಲು ಹಿಡಿದು ಎಳೆಯುವವರು ಯಾರಾದರೂ ಇದ್ದರೆ ಸಂತೋಷದಿಂದ ಕಡಲಿಗೆ ಹೋಗುತ್ತಿದ್ದೆ. ಬೆರಳುಗಳಲ್ಲಿ ಭಾವನ ಪಾಲಿನ ಎಣ್ಣೆ ಹೊಳೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಚುಚ್ಚಿತು. ಆ ವರ್ಷ ಆಟಿಯಲ್ಲಿ ನಾನು ಭಾವನಿಗೆ ಎಲೆ ಹಾಕಿರಲೇ ಇಲ್ಲ. ಪಾಸ್‌ಪೋರ್ಟು, ವೀಸಾ, ಟಿಕೆಟು ಎಂದು ಓಡಾಡುತ್ತಾ ಮರೆತೇಬಿಟ್ಟಿದ್ದೆ. ಎಲೆ ಹಾಕುವುದು ಗೊತ್ತುಂಟಾ ಎಂದು ಪರೀಕ್ಷಿಸಲು ಬಂದವನು ನಾನು.

ಅಜ್ಜಿ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಬೊಚ್ಚು ಬಾಯಿ ತೆರೆದು ನಕ್ಕರು. ಏನೋ ಹೇಳಿದರು. "ಪಾಪ, ಇಬ್ಬರಿಗೂ ಹಸಿವಾಗಿತ್ತು, ಒಂದೇ ಬಾಯಿಯಲ್ಲಿ ಉಂಡರು ಅಂತ ಹೇಳ್ತಿದ್ದಾರೆ," ಎಂದ ನಿಶ್ಮಿ ಅಳುತ್ತಾ ನಗಲು ಶುರುಮಾಡಿದಳು. "ಊರಲ್ಲಾದ್ರೆ ಕಾಗೆ ಬರ್ಲಿಕ್ಕೆ ಕಾಯ್ಬೇಕಿತ್ತು ಮಾಮ. ಇಲ್ಲಿ ಇಷ್ಟು ದೊಡ್ಡ ಕಾಗೆ ವಿಮಾನದಲ್ಲಿ ಬಂತಲ್ಲ!" ಕೆಂಜಿಗೆ ಏನೂ ಅರ್ಥವಾಗದಿದ್ದರೂ ಅವಳು ನಕ್ಕಳೆಂದು ಅವನೂ ನಕ್ಕ.

ಅಲ್ಲೇ ಮರಳಿನಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿಸಿದೆ.

"ಅಕ್ಕ, ಹುಡುಗ ಆದೀತು. ನಾನು ಹೂಂ ಅಂದೆ."

"ಆಟಿಯಲ್ಲಿ ಮಾತು ಕೊಟ್ಟೆಯಾ? ನಿನಗೆ ತಲೆ ಸಮ ಉಂಟಾ?"

ನಡೆದದ್ದನ್ನು ಹೇಳಿದೆ. ನನ್ನ ಪಾಲಿನ ಅವಮಾನವನ್ನು ಒಂದಿಷ್ಟೂ ಕಡಿಮೆ ಮಾಡದೆ ಹೇಳಿದೆ. ಆ ಕಡೆಯಿಂದ ಶಕ್ತಿನಗರದ ಮಳೆ ಮಾತ್ರ ಕೇಳಿಸುತ್ತಿತ್ತು. ಫೋನ್ ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಎಂದೆ.

"ಮೀನಿಗೆ ಖಾರ ಸಾಕಿತ್ತಾ?" ಎಂದು ಕೇಳಿದಳು ಅಕ್ಕ.

"ಸಾಕಿತ್ತು ಅಕ್ಕ."

"ಅವರಿಗೆ ಖಾರ ಕಡಿಮೆಯಾದ್ರೆ ಆಗುವುದಿಲ್ಲ," ಎಂದಳು. ಆಮೇಲೆ ಬಿಕ್ಕಳಿಸಿ ಅತ್ತಳು. ನಾನೂ ಅತ್ತೆ. ಇಸ್ತ್ರಿಯ ಪ್ಯಾಂಟು ಹಾಕಿಕೊಂಡು ಬೀಚಿನಲ್ಲಿ ಅಳುವ ಗಂಡಸನ್ನು ಆ ಊರಿನವರು ಅದೇ ಮೊದಲು ನೋಡಿದ್ದಿರಬೇಕು.

ಮದುವೆ ಆಟಿ ಕಳೆದ ಮೇಲೆ ಮಂಗಳೂರಿನಲ್ಲೇ ಆಯಿತು. ನನ್ನ ಕೀರ್ತಿಗೆ ಮಾತ್ರ ಇನ್ನೂ ಮುಪ್ಪು ಬಂದಿಲ್ಲ. ಇವತ್ತು ನಾನು ಜಗಲಿಯಲ್ಲಿ ಕೂತಿದ್ದಾಗಲೇ ದೊಡ್ಡಮ್ಮನ ಮಗ ಫೋನ್ ಮಾಡಿದ. ಮಗಳಿಗೊಂದು ಗಂಡು ಬಂದಿದೆಯಂತೆ, "ನೀನೊಮ್ಮೆ ಬಂದು ನೋಡಿದ್ರೆ ನಮಗೆ ಧೈರ್ಯ ಮಾರಾಯ," ಎಂದ. ಮಗಳು ನೋಡಿದ್ದಾಳಾ ಎಂದು ಕೇಳಿದೆ. ಹೌದಂತೆ, ಅವಳಿಗೆ ಇಷ್ಟವಂತೆ. ಹಾಗಾದರೆ ನೋಡುವ ಕೆಲಸ ಮುಗಿಯಿತು, ನಾನು ಊಟಕ್ಕೆ ಮಾತ್ರ ಬರುತ್ತೇನೆ ಎಂದೆ. ತಟ್ಟೆ ಯಾರದ್ದೆಂದು ಮೊದಲು ಕೇಳಿ ಆಮೇಲೆ ಕೈ ಹಾಕುತ್ತೇನೆ ಎಂದೂ ಸೇರಿಸಿದೆ. ಪಾಪ, ಅವನಿಗೆ ಅರ್ಥವಾಗಲಿಲ್ಲ.